ಕಿವಿಯಲ್ಲಿ ದನಿ, ಮನಸ್ಸಲ್ಲಿ ಅನುಮಾನ: ಸ್ಕಿಜೋಫ್ರೇನಿಯಾ ಪತ್ತೆ ಹೇಗೆ, ಚಿಕಿತ್ಸೆ ಎಲ್ಲಿ, ಗುಳಿಗೆ ಎಷ್ಟು ದಿನ?

ಹಲಬರ್ಗಾ: ಮನೆಯಲ್ಲಿ ಯಾರಿಗಾದ್ರೂ ಎರಡು ದಿನ ಜ್ವರ ಬಂದ್ರೆ ಮೂರನೇ ದಿನ ದವಾಖಾನೆಗೆ ಕರ್ಕೊಂಡು ಹೋಗ್ತಾರೆ. ಅದೇ ಮನೆಯ ಹುಡುಗ ಯಾರೂ ಇಲ್ಲದ ಕಡೆ ಮುಖ ಮಾಡಿ ಮಾತಾಡ್ಲಿಕ್ಕೆ ಶುರು ಮಾಡಿದ್ರೆ ದವಾಖಾನೆ ನೆನಪಾಗುವುದು ತಿಂಗಳುಗಟ್ಟಲೆ ಆದಮೇಲೆ, ಕೆಲವು ಕಡೆ ವರ್ಷಗಟ್ಟಲೆ ಆದಮೇಲೆ. ಅಷ್ಟೊತ್ತಿಗೆ ತಾಯತ, ನಿಂಬೆಹಣ್ಣು, ಹರಕೆ, ಊರೂರು ತಿರುಗಾಟ ಎಲ್ಲ ಮುಗಿದಿರುತ್ತದೆ. ಕೈಯಲ್ಲಿದ್ದ ದುಡ್ಡೂ ಮುಗಿದಿರುತ್ತದೆ.

ಇನ್ನು ದವಾಖಾನೆಗೆ ಹೋಗಿ ಆರಾಮಾದವರ ಕಥೆ ಬೇರೆ. ಆರಾಮಾಯ್ತಲ್ಲ ಅಂತ ಮೂರು ತಿಂಗಳಿಗೆ ಗುಳಿಗೆ ಬಿಡ್ತಾರೆ. ಮುಂದಿನ ಸುಗ್ಗಿ ಹೊತ್ತಿಗೆ ಕಾಯಿಲೆ ಮತ್ತೆ ಬಾಗಿಲಿಗೆ ಬಂದು ನಿಂತಿರುತ್ತದೆ.

ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ ಮನೆಗಳು ಸೋಲುವುದು ಹೆಚ್ಚಾಗಿ ಈ ಎರಡು ಕಡೆ: ತಡವಾಗಿ ಹೋಗುವುದು, ಬೇಗ ಬಿಡುವುದು. ಕಾಯಿಲೆಗೆ ಮದ್ದು ಇದೆ. 1952ರಿಂದಲೇ ಇದೆ. ಸರ್ಕಾರಿ ದವಾಖಾನೆಗಳ ಮೂಲಕ ಪುಕ್ಕಟೆ ಕೊಡುವ ವ್ಯವಸ್ಥೆಯೂ ಇದೆ. ಕಾಯಿಲೆಯನ್ನು ಡಾಕ್ಟರು ಹೇಗೆ ಗುರುತಿಸ್ತಾರೆ, ಏನು ಕೊಡ್ತಾರೆ, ಎಷ್ಟು ದಿನ ಕೊಡ್ತಾರೆ, ಮನೆಯವರು ಮತ್ತು ಊರಿನವರು ಏನು ಮಾಡಬೇಕು ಎಂಬುದರ ವಿವರ ಇಲ್ಲಿದೆ.

ಎಷ್ಟು ಜನರಿಗೆ ಇದೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ. ನಮ್ಮ ದೇಶದಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಸ್ಕಿಜೋಫ್ರೇನಿಯಾ ಮತ್ತು ಅದೇ ಗುಂಪಿನ ಕಾಯಿಲೆಗಳು ನೂರಕ್ಕೆ ಸುಮಾರು 0.4ರಷ್ಟು ಜನರಲ್ಲಿ ಕಂಡವು. 2011ರ ಜನಗಣತಿ ಪ್ರಕಾರ ಬೀದರ್ ಜಿಲ್ಲೆಯ ಜನಸಂಖ್ಯೆ 17 ಲಕ್ಷ. ಅದೇ ಪ್ರಮಾಣ ಇಲ್ಲಿಗೂ ಹಾಕಿದ್ರೆ ಜಿಲ್ಲೆಯಲ್ಲಿ 6,800 ಜನ ಆಗ್ತಾರೆ. ಇದು ಎಣಿಸಿದ ಲೆಕ್ಕ ಅಲ್ಲ, ಅಂದಾಜು. ಆದ್ರೂ ಒಂದು ಮಾತು ಖಾತ್ರಿ: ಇದು ಎಲ್ಲೋ ಒಂದು ಮನೆಯ ಅಪರೂಪದ ಸಂಗತಿ ಅಲ್ಲ.

ಅದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತು ಹೆಚ್ಚು ಚಿಂತೆಯದು. ಈ ಗುಂಪಿನ ಕಾಯಿಲೆ ಇದ್ದ ನಾಲ್ವರಲ್ಲಿ ಸುಮಾರು ಮೂವರು ಚಿಕಿತ್ಸೆಯಲ್ಲಿ ಇರಲಿಲ್ಲ.

ಇದು ಎಂಥ ಕಾಯಿಲೆ?

ಕನ್ನಡ ಪುಸ್ತಕಗಳಲ್ಲಿ ಇದನ್ನು ಚಿತ್ತವಿಕಲತೆ ಅಂತ ಬರೀತಾರೆ. ಸ್ಕಿಜೋಫ್ರೇನಿಯಾ ಎಂಬ ಹೆಸರು ಕೊಟ್ಟವರು ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್, 1908ರಲ್ಲಿ. ಹೆಸರಿನ ಅರ್ಥ ಒಡೆದ ಮನಸ್ಸು ಅಂತ ಇರೋದ್ರಿಂದ, ಸಿನಿಮಾದಲ್ಲಿ ತೋರಿಸುವ ಹಾಗೆ ಒಬ್ಬ ಮನುಷ್ಯನೊಳಗೆ ಇಬ್ಬರು ಇರುವ ಕಾಯಿಲೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಒಡೆಯುವುದು ವಿಚಾರ, ಭಾವನೆ, ನಡವಳಿಕೆ ಇವುಗಳ ನಡುವಿನ ಜೋಡಣೆ.

ಗಂಡುಮಕ್ಕಳಲ್ಲಿ ಹೆಚ್ಚಾಗಿ 18ರಿಂದ 25ರ ವಯಸ್ಸಿನಲ್ಲಿ ಶುರುವಾಗ್ತದೆ. ಹೆಣ್ಣುಮಕ್ಕಳಲ್ಲಿ ಕೆಲವು ವರ್ಷ ತಡ. ಅಂದ್ರೆ ಕಾಲೇಜು ಮುಗಿಸುವ, ಕೆಲಸ ಹಿಡಿಯುವ, ಮದುವೆ ಮಾತು ಶುರುವಾಗುವ ಹೊತ್ತಿಗೇ ಕಾಯಿಲೆ ಬರ್ತದೆ. ಅದಕ್ಕೇ ಮನೆಗೆ ಪೆಟ್ಟು ಜೋರು.

ಕಾರಣ ಒಂದೇ ಅಲ್ಲ. ವಂಶದಲ್ಲಿ ಬರುವ ಒಲವು, ಮಿದುಳಿನ ಬೆಳವಣಿಗೆಯಲ್ಲಿನ ವ್ಯತ್ಯಾಸ, ಜೀವನದ ಒತ್ತಡ, ಗಾಂಜಾ ಸೇವನೆ ಇವೆಲ್ಲ ಸೇರಿ ಕೆಲಸ ಮಾಡ್ತವೆ. ಒಡಹುಟ್ಟಿದವರಿಗೆ ಅಥವಾ ತಂದೆ-ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಬರುವ ಸಂಭವ ನೂರಕ್ಕೆ ಸುಮಾರು 10. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಇದ್ದರೂ ಇನ್ನೊಬ್ಬರಿಗೆ ಬರುವುದು ಹೆಚ್ಚುಕಮ್ಮಿ ಅರ್ಧದಷ್ಟು ಮಾತ್ರ. ಹಾಗಾಗಿ ವಂಶ ಅನ್ನೋದು ಶಾಪ ಅಲ್ಲ, ಒಂದು ಪಾಲು ಅಷ್ಟೇ. ತಾಯಿ ಸರಿಯಾಗಿ ಬೆಳೆಸಲಿಲ್ಲ, ಸೊಸೆ ಕಾಲ್ಗುಣ ಸರಿ ಇಲ್ಲ ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಜಾಗವಿಲ್ಲ.

ಮನೆಯವರಿಗೆ ಮೊದಲು ಏನು ಕಾಣ್ತದೆ?

ಉದಾಹರಣೆಗೆ ಹೋಬಳಿಯ ಯಾವುದೋ ಒಂದು ಮನೆ ಅಂದುಕೊಳ್ಳಿ. ಹುಡುಗನಿಗೆ 21. ಹೈದರಾಬಾದಿಗೆ ಕೆಲಸಕ್ಕೆ ಹೋಗಿದ್ದವನು ಹಬ್ಬಕ್ಕೆ ಬಂದು ವಾಪಸ್ ಹೋಗಲಿಲ್ಲ. ಮೊದಲಿಗೆ ನಿದ್ದೆ ಕೆಟ್ಟಿತು. ಗೆಳೆಯರನ್ನು ಬಿಟ್ಟ. ಸ್ನಾನ, ಬಟ್ಟೆ ಕಡೆ ಲಕ್ಷ್ಯ ಹೋಯ್ತು. ಮನೆಯವರು ಸೋಮಾರಿ ಆದ, ಮೊಬೈಲ್ ಹುಚ್ಚು ಅಂದರು. ಕೆಲವು ತಿಂಗಳಾದ ಮೇಲೆ, "ಅನ್ನದಾಗ ಏನೋ ಹಾಕ್ಯಾರ", "ಟಿವಿದಾಗ ನನ್ನ ಸುದ್ದಿನೇ ಹೇಳ್ಲತ್ತಾರ", "ಹೊರಗ ನಿಂತು ಯಾರೋ ಬೈಲತ್ತಾರ" ಅನ್ನಲಿಕ್ಕೆ ಶುರು ಮಾಡಿದ. ಆಗ ಊರಿನವರು, "ಗಾಳಿ ಬಡದದ", "ಭಾನಾಮತಿ ಮಾಡ್ಯಾರ" ಅಂದರು.

ಡಾಕ್ಟರು ಇದೇ ಲಕ್ಷಣಗಳನ್ನು ಮೂರು ಭಾಗ ಮಾಡಿ ನೋಡ್ತಾರೆ. ಮೊದಲನೆಯದು, ಇಲ್ಲದ್ದು ಇರುವ ಹಾಗೆ ಕಾಣುವುದು: ಬೇರೆಯವರಿಗೆ ಕೇಳದ ದನಿ ಕೇಳುವುದು, ಯಾರೋ ಹಿಂದೆ ಬಿದ್ದಿದ್ದಾರೆ, ವಿಷ ಹಾಕ್ತಾರೆ, ತನ್ನ ವಿಚಾರ ಬೇರೆಯವರಿಗೆ ಕೇಳಿಸ್ತದೆ ಎಂಬ ಅಲುಗಾಡದ ನಂಬಿಕೆ. ಎರಡನೆಯದು, ಇರಬೇಕಾದದ್ದು ಕಮ್ಮಿ ಆಗುವುದು: ಮಾತು, ಆಸೆ, ಹುರುಪು, ಮುಖದ ಮೇಲಿನ ಭಾವ ಎಲ್ಲ ಆರಿದ ಹಾಗೆ. ಮೂರನೆಯದು, ಮಾತು ಮತ್ತು ವರ್ತನೆ ಎಳೆ ತಪ್ಪುವುದು: ಕೇಳಿದ್ದೊಂದು ಹೇಳಿದ್ದೊಂದು, ಒಂದೇ ಕಡೆ ಗಂಟೆಗಟ್ಟಲೆ ಕಲ್ಲಿನಂತೆ ನಿಲ್ಲುವುದು.

ಮನೆಯವರ ಕಣ್ಣಿಗೆ ಬೀಳುವುದು ಮೊದಲನೆಯದು. ಆದ್ರೆ ಮುಂದೆ ಕೆಲಸ-ಬದುಕು ಹಿಡಿದು ನಿಲ್ಲಿಸುವುದು ಹೆಚ್ಚಾಗಿ ಎರಡನೆಯದು. ಸೋಮಾರಿ ಅಂತ ಬೈಸಿಕೊಳ್ಳುವವನು ನಿಜವಾಗಿ ಕಾಯಿಲೆಯ ಆ ಭಾಗದಲ್ಲಿ ಸಿಕ್ಕಿಕೊಂಡಿರಬಹುದು.

ಡಾಕ್ಟರು ಹೇಗೆ ಪತ್ತೆ ಮಾಡ್ತಾರೆ?

ಸ್ಕಿಜೋಫ್ರೇನಿಯಾವನ್ನು ತೋರಿಸುವ ರಕ್ತ ಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ, ಸ್ಕ್ಯಾನ್ ಇಲ್ಲ. ಪತ್ತೆ ಆಗುವುದು ಮಾತಿನಿಂದ. ರೋಗಿಯ ಜತೆ ಮಾತು, ಮನೆಯವರ ಜತೆ ಮಾತು, ಕೂತು ಗಮನಿಸುವುದು. ಮನೋವೈದ್ಯರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಇವು: ಯಾವಾಗಿಂದ ಬದಲಾಗಿದ್ದಾನೆ? ಮುಂಚೆ ಹೇಗಿದ್ದ? ನಿದ್ದೆ, ಊಟ ಹೇಗೆ? ಕುಡಿತ, ಗಾಂಜಾ ಇದೆಯಾ? ತಲೆಗೆ ಪೆಟ್ಟು ಬಿದ್ದಿತ್ತಾ? ಫಿಟ್ಸ್ ಇದೆಯಾ? ಮನೆತನದಲ್ಲಿ ಯಾರಿಗಾದ್ರೂ ಹೀಗೆ ಆಗಿತ್ತಾ? ಸಾಯುವ ಮಾತು ಆಡ್ತಾನಾ?

ಲಕ್ಷಣಗಳು ಎಷ್ಟು ದಿನದಿಂದ ಇವೆ ಎಂಬುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಪ್ರಕಾರ ಮುಖ್ಯ ಲಕ್ಷಣಗಳು ಕಮ್ಮಿ ಅಂದ್ರೂ 1 ತಿಂಗಳು ಇರಬೇಕು. ಅಮೆರಿಕದ ಪಟ್ಟಿಯಲ್ಲಿ ಒಟ್ಟು ಬದಲಾವಣೆ 6 ತಿಂಗಳು ಕಂಡಿರಬೇಕು. ಹಾಗಂತ ತಿಂಗಳು ತುಂಬುವ ತನಕ ಮನೆಯಲ್ಲಿ ಕಾಯಬೇಕು ಅಂತಲ್ಲ. ಹೆಸರು ಆಮೇಲೆ ಇಡಬಹುದು, ಚಿಕಿತ್ಸೆ ಮೊದಲೇ ಶುರು ಮಾಡ್ತಾರೆ.

ಹಾಗಾದ್ರೆ ರಕ್ತ ಪರೀಕ್ಷೆ ಯಾಕೆ ಬರೀತಾರೆ? ಬೇರೆ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡ್ಲಿಕ್ಕೆ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಮಿದುಳಿನ ಸೋಂಕು, ಫಿಟ್ಸ್, ಗಡ್ಡೆ, ಕೆಲವು ಸ್ಟೀರಾಯ್ಡ್ ಔಷಧ, ಕುಡಿತ ಒಮ್ಮೆಲೆ ಬಿಟ್ಟಾಗ ಬರುವ ಗಾಬರಿ ಇವೆಲ್ಲ ಇದೇ ವೇಷ ಹಾಕಬಲ್ಲವು. ಜ್ವರದ ಜತೆ ಒಂದೆರಡು ದಿನದಲ್ಲೇ ಎಚ್ಚರ ತಪ್ಪಿ ಏನೇನೋ ಮಾತಾಡಿದ್ರೆ, ವಯಸ್ಸಾದವರಲ್ಲಿ ಇದ್ದಕ್ಕಿದ್ದಂತೆ ಶುರುವಾದ್ರೆ, ಅದು ಬೇರೆ ತುರ್ತು. ಕೂಡಲೇ ದವಾಖಾನೆಗೆ ಹೋಗಬೇಕು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಗೆ ಹೀಗಾದ್ರೂ ಅದೇ ಮಾತು, ತಾಯಿ-ಮಗು ಇಬ್ಬರ ಜೀವದ ಪ್ರಶ್ನೆ. ಒಮ್ಮೆ ಅತಿ ಉತ್ಸಾಹ, ಒಮ್ಮೆ ಅತಿ ದುಃಖ ಬರುವ ಬೈಪೋಲಾರ್ ಕಾಯಿಲೆಯಲ್ಲೂ ದನಿ ಕೇಳಬಹುದು. ಅದರ ಮದ್ದು ಬೇರೆ.

ಸ್ಕ್ಯಾನ್ ನಾರ್ಮಲ್ ಬಂತು ಅಂದ್ರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಗಡ್ಡೆ, ಪೆಟ್ಟು ಇಲ್ಲ ಅಂತ ಅರ್ಥ. ಸ್ಕ್ಯಾನ್ ಚೀಟಿ ಹಿಡ್ಕೊಂಡು ದವಾಖಾನೆಯಿಂದ ದವಾಖಾನೆಗೆ ತಿರುಗಿ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಈ ಮಾತು ತಿಳ್ಕೊಂಡಿದ್ರೆ ಒಳ್ಳೇದು.

ಬೀದರ್ ಭಾಗಕ್ಕೆ ಸಂಬಂಧಪಟ್ಟ ಇನ್ನೊಂದು ಸಂಗತಿ ಭಾಷೆ. ಇಲ್ಲಿ ಮನೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಏನೂ ಇರಬಹುದು. ಮಾತಿನ ಎಳೆ ತಪ್ಪಿದೆಯಾ ಇಲ್ಲವಾ ಅಂತ ತಿಳಿಯುವುದು ಮನೆಮಾತಿನಲ್ಲೇ. ಔರಾದ್ ಕಡೆಯ ಮರಾಠಿ ಹುಡುಗ ಅರ್ಧಂಬರ್ಧ ಕನ್ನಡದಲ್ಲಿ ಉತ್ತರ ಕೊಟ್ರೆ ಡಾಕ್ಟರಿಗೂ ಅರ್ಧವೇ ಸಿಗ್ತದೆ. ಯಾವ ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತಾಡ್ತಾನೋ ಅದನ್ನು ಮೊದಲೇ ಹೇಳಿ, ಆ ಭಾಷೆ ಬಲ್ಲವರನ್ನು ಸಂಗಡ ಕರ್ಕೊಂಡು ಹೋಗಬೇಕು.

ದೇವರು ಮೈಮೇಲೆ ಬರುವುದೂ ಇದೇ ಕಾಯಿಲೆಯಾ?

ಅಲ್ಲ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ಒಬ್ಬರಿಗೆ ಆವೇಶ ಬಂದು, ತಾಸೊತ್ತಿನಲ್ಲಿ ಇಳಿದು, ಮರುದಿನ ಎಂದಿನಂತೆ ಹೊಲಕ್ಕೆ ಹೋದ್ರೆ ಅದನ್ನು ಯಾವ ಮನೋವೈದ್ಯರೂ ಸ್ಕಿಜೋಫ್ರೇನಿಯಾ ಅನ್ನುವುದಿಲ್ಲ. ಹತ್ತಿರದವರು ತೀರಿಕೊಂಡ ಮೇಲೆ ಕೆಲವು ದಿನ ಅವರ ದನಿ ಕೇಳಿದ ಹಾಗಾಗುವುದೂ ಕಾಯಿಲೆ ಅಲ್ಲ. ಡಾಕ್ಟರು ನೋಡುವುದು ಮೂರು ಮಾತು: ಇದು ಊರಿನ, ಮನೆತನದ ನಂಬಿಕೆಯ ಒಳಗೆ ಇದೆಯಾ? ಬಂದು ಹೋಗ್ತದಾ, ಅಥವಾ ಹಗಲೂ ರಾತ್ರಿ ಇರ್ತದಾ? ಊಟ, ನಿದ್ದೆ, ದುಡಿಮೆ, ಸಂಬಂಧ ಕೆಡಿಸಿದೆಯಾ? ಕೆಡಿಸಿದ್ರೆ ದವಾಖಾನೆ ಬೇಕು.

ದೇವರಿಗೆ ಹೋಗುವುದು ತಪ್ಪು ಅಂತ ಯಾರೂ ಹೇಳುವುದಿಲ್ಲ. ಗಾಣಗಾಪುರಕ್ಕೆ ಹೋಗಲಿ, ದರ್ಗಾಕ್ಕೆ ಹೋಗಲಿ, ಮನಸ್ಸಿಗೆ ಧೈರ್ಯ ಬರ್ತದೆ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂತು ನೋಡುವ ವ್ಯವಸ್ಥೆ ಮಾಡಿದರು. ದವಾ-ದುವಾ ಅಂತ ಅದರ ಹೆಸರು. ಪ್ರಾರ್ಥನೆ ಒಂದು ಕಡೆ, ಗುಳಿಗೆ ಒಂದು ಕಡೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡು ಅಂತ ಅಲ್ಲಿ ಹೇಳುವುದಿಲ್ಲ.

ತಪ್ಪಾಗುವುದು ಕಟ್ಟಿಹಾಕಿದಾಗ, ಹೊಡೆದಾಗ, ಹೊಗೆ ಹಾಕಿದಾಗ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮನೋರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದರಿಂದ ಓಡಲಿಕ್ಕೆ ಆಗದೆ 28 ಜನ ಸತ್ತರು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ಮಾಟ-ಮಂತ್ರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸ್ತೀವಿ ಅಂತ ಕಟ್ಟಿ ಹೊಡೆಯುವುದು ಈಗ ಅಪರಾಧ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇಂಥದೇ ಕಾಯ್ದೆ 2013ರಿಂದ ಇದೆ.

ಗುಳಿಗೆ ಏನು ಮಾಡ್ತದೆ?

ಮಿದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ರಾಸಾಯನಿಕಗಳಿವೆ. ಅದರಲ್ಲಿ ಡೋಪಮೈನ್ ಒಂದು. ಈ ಕಾಯಿಲೆಯಲ್ಲಿ ಮಿದುಳಿನ ಕೆಲವು ಭಾಗದಲ್ಲಿ ಡೋಪಮೈನಿನ ಆಟ ಜೋರಾಗ್ತದೆ. ಆಗ ಸುಮ್ಮನೆ ಕೆಮ್ಮಿದವನೂ ತನಗೇ ಏನೋ ಸನ್ನೆ ಮಾಡಿದ ಅಂತ ಅನಿಸ್ತದೆ. ಗುಳಿಗೆಗಳು ಆ ಜೋರನ್ನು ತಗ್ಗಿಸ್ತವೆ. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಝಿನ್ ಮೊದಲು ಬಳಕೆಗೆ ಬಂತು. ಈಗ ಸಾಮಾನ್ಯವಾಗಿ ಬರೆಯುವುದು ರಿಸ್ಪೆರಿಡೋನ್, ಒಲಾಂಝಪಿನ್, ಹಾಲೊಪೆರಿಡಾಲ್ ಇತ್ಯಾದಿ. ಯಾವುದು, ಎಷ್ಟು ಎಂಬುದು ರೋಗಿ ನೋಡಿ ಡಾಕ್ಟರು ಮಾಡುವ ತೀರ್ಮಾನ. ಪಕ್ಕದ ಮನೆಯವನ ಚೀಟಿ ನೋಡಿ ತರುವಂಥದ್ದಲ್ಲ.

ಮೊದಲ ವಾರದಲ್ಲಿ ನಿದ್ದೆ ಬರ್ತದೆ, ಸಿಟ್ಟು-ಗಾಬರಿ ಇಳೀತದೆ. ದನಿ ಮತ್ತು ಅನುಮಾನ ಇಳಿಯಲಿಕ್ಕೆ ವಾರಗಳು ಬೇಕು. ಪೂರ್ತಿ ಗುಣ ಗೊತ್ತಾಗಲಿಕ್ಕೆ 4ರಿಂದ 6 ವಾರ. ಹತ್ತು ದಿನಕ್ಕೆ ಏನೂ ಆಗಲಿಲ್ಲ ಅಂತ ಡಾಕ್ಟರ್ ಬದಲಾಯಿಸಿದ್ರೆ ಪ್ರತಿ ಸಲ ಮೊದಲಿಂದ ಶುರು ಮಾಡಿದಂತೆ. ಭಾಲ್ಕಿ, ಉದಗೀರ್, ಹೈದರಾಬಾದ್ ಅಂತ ತಿರುಗುವವರು ಹಳೆಯ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡು ತೋರಿಸಬೇಕು.

ಎರಡು ಬೇರೆ ಬೇರೆ ಗುಳಿಗೆ ಸರಿಯಾದ ಪ್ರಮಾಣದಲ್ಲಿ, ಬೇಕಾದಷ್ಟು ವಾರ ತಗೊಂಡರೂ ಇಳಿಯದಿದ್ದರೆ ಕ್ಲೋಝಪಿನ್ ಎಂಬ ಗುಳಿಗೆ ಇದೆ. ಬೇರೆಯವು ಸೋತಲ್ಲಿ ಇದು ಗೆದ್ದದ್ದುಂಟು. ಆದ್ರೆ ಕೆಲವರಲ್ಲಿ ರಕ್ತದ ಬಿಳಿಕಣ ಕಮ್ಮಿ ಮಾಡ್ತದೆ. ಅದಕ್ಕೆ ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ ಮಾಡಿಸ್ತಾರೆ.

ದಿನಾ ಗುಳಿಗೆ ನುಂಗಲು ಆಗದವರಿಗೆ 2 ವಾರಕ್ಕೋ 4 ವಾರಕ್ಕೋ ಒಮ್ಮೆ ಕೊಡುವ ಸೂಜಿ ಇದೆ. ಮನೆಯಲ್ಲಿ ದಿನಾ ಜಗಳ ಆಡುವುದು ತಪ್ತದೆ.

ಕರೆಂಟ್ ಟ್ರೀಟ್‌ಮೆಂಟ್ ಹೆಸರು ಕೇಳಿದ್ರೆ ಜನ ಅಂಜ್ತಾರೆ. ಊಟ-ನೀರು ಬಿಟ್ಟು ಕಲ್ಲಿನಂತಾದವರಿಗೆ, ಜೀವ ಕಳೆದುಕೊಳ್ಳುವ ಅಪಾಯ ಇರುವವರಿಗೆ ಅದು ಬೇಗ ಕೆಲಸ ಮಾಡುವ ಚಿಕಿತ್ಸೆ. ಅರಿವಳಿಕೆ ಕೊಟ್ಟೇ ಮಾಡಬೇಕು, ಕೊಡದೆ ಮಾಡುವುದನ್ನು ಕಾನೂನು ನಿಷೇಧಿಸಿದೆ.

ಸೈಡ್ ಎಫೆಕ್ಟ್ ಬಂದ್ರೆ?

ಬರ್ತವೆ. ಮುಚ್ಚಿಟ್ಟು ಪ್ರಯೋಜನ ಇಲ್ಲ. ಕೈ ನಡುಕ, ಮೈ ಬಿಗಿತ, ಕೂತಲ್ಲಿ ಕೂರಲಿಕ್ಕೆ ಆಗದ ಚಡಪಡಿಕೆ, ಜೊಲ್ಲು, ಅತಿ ನಿದ್ದೆ. ಕೆಲವು ಗುಳಿಗೆಗಳಿಂದ ತೂಕ ಏರ್ತದೆ, ಸಕ್ಕರೆ ಕಾಯಿಲೆ ಹತ್ತಿರ ಬರ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲಬಹುದು. ಇವೆಲ್ಲಕ್ಕೂ ಪ್ರಮಾಣ ಇಳಿಸುವುದು, ಗುಳಿಗೆ ಬದಲಿಸುವುದು, ಜತೆಗೆ ಬೇರೆ ಗುಳಿಗೆ ಕೊಡುವುದು ಅಂತ ದಾರಿ ಇವೆ. ತೂಕ, ಶುಗರ್, ಬಿಪಿ ಆಗಾಗ ನೋಡಿಸಬೇಕು.

ತಡ ಮಾಡದೆ ಓಡಬೇಕಾದದ್ದು ಎರಡು ಸಂದರ್ಭದಲ್ಲಿ. ಒಂದು, ಗುಳಿಗೆ ಅಥವಾ ಸೂಜಿ ಶುರುವಾದ ಮೇಲೆ ಕುತ್ತಿಗೆ ತಿರುಚಿಕೊಂಡು, ಕಣ್ಣು ಮೇಲೆ ಸಿಕ್ಕಿಕೊಂಡರೆ. ನೋಡಿದವರು ಮತ್ತೆ ದೆವ್ವ ಅಂತಾರೆ, ಆದ್ರೆ ಒಂದು ಸೂಜಿಗೆ ಇಳಿಯುವ ತೊಂದರೆ ಅದು. ಎರಡು, ಜೋರು ಜ್ವರದ ಜತೆ ಮೈ ಕಟ್ಟಿಗೆಯಂತೆ ಬಿಗಿದರೆ. ಇದು ಅಪರೂಪ, ಆದ್ರೆ ಜೀವಕ್ಕೆ ಅಪಾಯ.

ಇವು ಚಟ ಹಿಡಿಸುವ ಗುಳಿಗೆ ಎಂಬುದು ಸುಳ್ಳು. ನಿದ್ದೆ ಗುಳಿಗೆ ಬೇರೆ, ಇವು ಬೇರೆ.

ಯಾವಾಗ ನಿಲ್ಲಿಸಬೇಕು?

ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆ ಇದು. ಮೊದಲ ಸಲ ಬಂದು ಪೂರ್ತಿ ಆರಾಮಾದವರಿಗೂ ಆಮೇಲೆ 1ರಿಂದ 2 ವರ್ಷ ಗುಳಿಗೆ ಮುಂದುವರಿಸ್ತಾರೆ. ಎರಡು-ಮೂರು ಸಲ ಮರುಕಳಿಸಿದವರಿಗೆ 5 ವರ್ಷ ಅಥವಾ ಅದಕ್ಕೂ ಹೆಚ್ಚು. ಕೆಲವರಿಗೆ ಜೀವನಪೂರ್ತಿ. ಬಿಪಿ, ಶುಗರ್ ಗುಳಿಗೆ ತಗೊಳ್ಳುವವರನ್ನು ಯಾರೂ ಇನ್ನೂ ಯಾಕೆ ತಗೊಳ್ತೀರಿ ಅಂತ ಕೇಳುವುದಿಲ್ಲ. ಇದೂ ಹಾಗೇ.

ಅಮೆರಿಕದಲ್ಲಿ ಮೊದಲ ಸಲ ಕಾಯಿಲೆ ಬಂದವರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುಳಿಗೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಸುಮಾರು 5 ಪಟ್ಟು ಹೆಚ್ಚಿತ್ತು. ಮೋಸ ಆಗುವುದು ಎಲ್ಲಿ ಅಂದ್ರೆ, ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಮೈ ಹಗುರಾಗ್ತದೆ, ನಿದ್ದೆಗಣ್ಣು ಹೋಗ್ತದೆ, ನೋಡು ಗುಳಿಗೆ ಬಿಟ್ಟಿದ್ದೇ ಚಲೋ ಆಯ್ತು ಅನಿಸ್ತದೆ. ಪೆಟ್ಟು ಬೀಳುವುದು ವಾರಗಳೋ ತಿಂಗಳುಗಳೋ ಆದಮೇಲೆ. ಅಷ್ಟೊತ್ತಿಗೆ ಗುಳಿಗೆ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧ ಯಾರಿಗೂ ನೆನಪಿರುವುದಿಲ್ಲ. ಪ್ರತಿ ಸಲ ಮರುಕಳಿಸಿದಾಗ ಮೊದಲಿನ ಮಟ್ಟಕ್ಕೆ ಬರುವುದು ಕಷ್ಟವಾಗ್ತಾ ಹೋಗಬಹುದು. ನಿಲ್ಲಿಸುವುದಿದ್ದರೆ ಡಾಕ್ಟರ ಕಣ್ಣೆದುರು, ನಿಧಾನವಾಗಿ ಇಳಿಸುತ್ತಾ ನಿಲ್ಲಿಸಬೇಕು.

ಮದುವೆ ಮಾಡಿದ್ರೆ ಸರಿ ಹೋಗ್ತದೆ ಎಂಬ ಮಾತು ಈ ಕಾಯಿಲೆಯ ದೊಡ್ಡ ಶತ್ರು. ಮುಚ್ಚಿಟ್ಟು ಮದುವೆ ಮಾಡ್ತಾರೆ. ಬೀಗರ ಕಣ್ಣಿಗೆ ಬೀಳಬಾರದು ಅಂತ ಗುಳಿಗೆ ಬಿಡಿಸ್ತಾರೆ. ಆರು ತಿಂಗಳಿಗೆ ಎರಡು ಮನೆ ಕೆಡ್ತವೆ. ಗುಳಿಗೆ ತಗೊಳ್ತಾ ಆರಾಮಾಗಿ ಸಂಸಾರ ಮಾಡುವವರು ಇದ್ದಾರೆ, ಅದಕ್ಕೆ ಬೇಕಾದದ್ದು ಮೊದಲೇ ಹೇಳುವುದು. ಬಸಿರಾದವರು ತಾವೇ ಗುಳಿಗೆ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಬೇಕು.

ನನಗೇನಾಗಿದೆ ಅಂದ್ರೆ ಏನು ಮಾಡೋದು?

ತನಗೆ ಕಾಯಿಲೆ ಇದೆ ಅಂತ ಒಪ್ಪದಿರುವುದು ಹಟ ಅಲ್ಲ, ಕಾಯಿಲೆಯದೇ ಒಂದು ಲಕ್ಷಣ. ಅದಕ್ಕೆ ವಾದ ಮಾಡಿ ಗೆಲ್ಲಲಿಕ್ಕೆ ಆಗುವುದಿಲ್ಲ. ಹಂಗೇನಿಲ್ಲ, ಸುಮ್ಮನಿರು ಅಂದ್ರೆ ನೀವೂ ಶತ್ರುಗಳ ಕಡೆ ಆಗ್ತೀರಿ. ಹೌದು ವಿಷ ಹಾಕ್ಯಾರ ಅಂತ ಒಪ್ಪುವುದೂ ಬೇಡ. ನಡುವಿನ ದಾರಿ ಒಂದಿದೆ: "ನಿನಗ ಅಂಜಿಕಿ ಆಗ್ಲತ್ತದ ಅಂತ ಗೊತ್ತಾಗ್ತದ. ನಿದ್ದಿನೂ ಬರವಲ್ದು. ನಿದ್ದಿ ಬರೋ ಹಂಗ ಮಾಡ್ಕೋಳಾಕ ಡಾಕ್ಟರ್ ಬಲ್ಲಿ ಹೋಗಮು." ಅವನಿಗೂ ಬೇಡವಾದ ತೊಂದರೆ ಯಾವುದೋ ಅದನ್ನು ಹಿಡಿದು ಕರ್ಕೊಂಡು ಹೋಗುವುದು.

ಬಹಳ ಮನೆಗಳಲ್ಲಿ ಗುಳಿಗೆ ಪುಡಿ ಮಾಡಿ ಚಹಾದಲ್ಲೋ ಸಾರಿನಲ್ಲೋ ಕಲಸ್ತಾರೆ. ಅನ್ನದಲ್ಲಿ ಏನೋ ಹಾಕ್ತಾರೆ ಅಂತ ಅನುಮಾನ ಪಡುವವನ ಕೈಗೆ ಒಂದು ದಿನ ಸಿಕ್ಕಿಬಿದ್ದರೆ ಅವನ ಅನುಮಾನಕ್ಕೆ ಸಾಕ್ಷಿ ಸಿಕ್ಕಂತೆ. ಆಮೇಲೆ ಮನೆಯ ಊಟವನ್ನೇ ಬಿಡ್ತಾನೆ. ಅಂಥ ಪರಿಸ್ಥಿತಿ ಇದ್ದರೆ ಡಾಕ್ಟರಿಗೆ ಬಿಚ್ಚಿ ಹೇಳಬೇಕು, ಸೂಜಿ ಮುಂತಾದ ದಾರಿ ತೋರಿಸ್ತಾರೆ.

ದಿನಾ ಬೈಯುವ, ಚುಚ್ಚುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸ್ತದೆ ಅಂತ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಗುಳಿಗೆಯಷ್ಟೇ ಮನೆಯ ಮಾತಿನ ಧಾಟಿಯೂ ಮದ್ದು.

ಸಾಯುವ ಮಾತು ಆಡಿದ್ರೆ ಹಗುರವಾಗಿ ತಗೊಳ್ಳಬಾರದು. ಈ ಕಾಯಿಲೆ ಇರುವ ನೂರರಲ್ಲಿ ಸುಮಾರು 5 ಜನ ಆತ್ಮಹತ್ಯೆಯಿಂದ ಸಾಯ್ತಾರೆ. ಕೀಟನಾಶಕ ಡಬ್ಬಿ ಕೈಗೆ ಸಿಗದಂತೆ ಬೀಗ ಹಾಕಿಡಿ, ಒಬ್ಬರನ್ನೇ ಬಿಡಬೇಡಿ, ಅದೇ ದಿನ ದವಾಖಾನೆಗೆ ಹೋಗಿ.

ಇಲ್ಲಿಂದ ಎಲ್ಲಿಗೆ ಹೋಗಬೇಕು?

ಹಳ್ಳಿಗೆ ಮನೋವೈದ್ಯ ಬರುವುದು ಹೇಗೆ ಎಂಬ ಪ್ರಶ್ನೆಗೆ ದೇಶಕ್ಕೆ ಉತ್ತರ ಕೊಟ್ಟದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಯೇ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಲ್ಲೇ ಗುಳಿಗೆ ಸಿಗುವ ಹಾಗೆ ಮಾಡಿತು. ಅದೇ ಬಳ್ಳಾರಿ ಮಾದರಿ. ಅದನ್ನೇ ನೋಡಿ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು.

ಕರ್ನಾಟಕದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡಬೇಕು ಎಂಬುದು ಅದರ ನಿಯಮ. ಹಲಬರ್ಗಾ ಕಡೆಯವರಿಗೆ ಭಾಲ್ಕಿ, ಔರಾದ್ ಕಡೆಯವರಿಗೆ ಔರಾದ್ ತಾಲ್ಲೂಕು ಆಸ್ಪತ್ರೆ. ಹೋಗುವ ಮುಂಚೆ ಆಶಾ ಕಾರ್ಯಕರ್ತೆಯ ಮೂಲಕ ಈ ವಾರ ಯಾವ ಹೊತ್ತಿಗೆ ಇದೆ ಅಂತ ಕೇಳ್ಕೊಂಡು ಹೋದ್ರೆ ಒಂದು ದಿನದ ಕೂಲಿ ಉಳೀತದೆ. ದೊಡ್ಡ ದವಾಖಾನೆ ಬೇಕಾದ್ರೆ ಬೀದರಿನ ಬ್ರಿಮ್ಸ್, ಅದಕ್ಕೂ ಮೇಲೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್.

ಮನೆಯಿಂದ ಹೊರಡಿಸಲಿಕ್ಕೆ ಆಗದಿದ್ದರೆ ಮೊದಲು ಫೋನ್ ಮಾಡಬಹುದು. ಟೆಲಿ ಮನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಶುರುವಾದ ಇದು ದಿನದ 24 ಗಂಟೆ, ಪುಕ್ಕಟೆ. ಕನ್ನಡ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದು.

ತೀರ್ಥಹಳ್ಳಿಯಲ್ಲಿ ಆಗಿದ್ದು

ಹಳ್ಳಿಯಲ್ಲಿ ಇದೆಲ್ಲ ಆಗ್ತದಾ ಅಂತ ಕೇಳುವವರಿಗೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಉದಾಹರಣೆ ಇದೆ. ನಿಮ್ಹಾನ್ಸ್ ವೈದ್ಯರು ಅಲ್ಲಿನ ಆರೋಗ್ಯ ಕಾರ್ಯಕರ್ತರ ಸಹಾಯದಿಂದ ಊರೂರಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿದರು. ಚಿಕಿತ್ಸೆಯೇ ಇಲ್ಲದೆ ಇದ್ದವರು ಗುಳಿಗೆ ಶುರು ಮಾಡಿದ ವರ್ಷದೊಳಗೆ ಸ್ವಂತ ಕೆಲಸ, ಮಾತುಕತೆ, ದುಡಿಮೆಯಲ್ಲಿ ಸುಧಾರಿಸಿದರು. ಗುಳಿಗೆ ಸಿಗದೆ ಉಳಿದವರು ಅಲ್ಲೇ ಉಳಿದರು. ಅಲ್ಲಿನ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊಲ, ತೋಟ, ಮನೆಯ ಯಾವುದಾದ್ರೂ ದುಡಿಮೆಯಲ್ಲಿದ್ದರು. ಮೂವರಲ್ಲಿ ಒಬ್ಬರಾದ್ರೂ ಪೂರ್ತಿ ಚೇತರಿಸಿಕೊಳ್ಳಬಲ್ಲರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ.

ಕಾನೂನಿನಲ್ಲಿ ಏನಿದೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರಲ್ಲಿ. ಮುಖ್ಯ ಅಂಶಗಳು:

- ಸರ್ಕಾರಿ ದವಾಖಾನೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಬಿಪಿಎಲ್ ಕಾರ್ಡ್ ಇರಲಿ ಬಿಡಲಿ, ಮನೆ ಇಲ್ಲದವರಿಗೂ, ಪುಕ್ಕಟೆ.
- ಸರಪಳಿ ಹಾಕುವುದು ಯಾವ ರೂಪದಲ್ಲೂ ನಿಷಿದ್ಧ.
- ರೋಗಿಯ ವಿಷಯ ಗುಟ್ಟಾಗಿ ಇಡಬೇಕು.
- ದಿಕ್ಕಿಲ್ಲದೆ ಅಲೆಯುವ ಮನೋರೋಗಿಯನ್ನು ಪೊಲೀಸರು ರಕ್ಷಣೆಗೆ ತಗೊಂಡು 24 ಗಂಟೆಯೊಳಗೆ ಸರ್ಕಾರಿ ದವಾಖಾನೆಗೆ ತೋರಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ.
- ಆರೋಗ್ಯ ವಿಮೆ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ಇರಬೇಕು.

ಇದಲ್ಲದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಸ್ವಂತ ಆರೈಕೆ, ಜನರ ಜತೆ ಹೊಂದಾಣಿಕೆ, ಮಾತುಕತೆ, ದುಡಿಮೆ ಈ ನಾಲ್ಕನ್ನು ಅಳೆದು ಡಾಕ್ಟರು ಪ್ರಮಾಣ ಬರೀತಾರೆ. ಶೇ 40 ಅಥವಾ ಹೆಚ್ಚಿದ್ದರೆ ಕಾಯ್ದೆಯ ಸೌಲಭ್ಯಗಳಿಗೆ ಅರ್ಹತೆ. ಯುಡಿಐಡಿ ಕಾರ್ಡ್, ಪಿಂಚಣಿ ಅರ್ಜಿ ಬಗ್ಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ನಾಡಕಚೇರಿಯನ್ನು ಕೇಳಬೇಕು.

ಅಂಗಡಿಯವರು ಏನು ಮಾಡಬಹುದು?

ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯವರಿಗೆ ಕಾಣುವಷ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಯಾರು ನಾಲ್ಕು ದಿನದಿಂದ ಅದೇ ಬಟ್ಟೆಯಲ್ಲಿ ಅಲೀತಿದ್ದಾರೆ, ಯಾರ ಮಗ ಒಬ್ಬನೇ ಮಾತಾಡ್ತಾ ಹೋಗ್ತಾನೆ ಎಲ್ಲ ಗೊತ್ತಿರುತ್ತದೆ. ನೀರು ಎರಚಿ ಓಡಿಸುವ ಬದಲು, ಹುಡುಗರು ಕಲ್ಲು ಹೊಡೆಯದಂತೆ ತಡೆದು, ಮನೆ ಗೊತ್ತಿದ್ದರೆ ಮನೆಗೆ, ಇಲ್ಲದಿದ್ದರೆ 112ಕ್ಕೆ ತಿಳಿಸಬಹುದು. ಈ ಕಾಯಿಲೆಯವರು ಹೊಡೀತಾರೆ ಎಂಬ ಅಂಜಿಕೆ ದೊಡ್ಡದು, ಆದ್ರೆ ಹೆಚ್ಚಿನವರು ಯಾರ ತಂಟೆಗೂ ಹೋಗುವುದಿಲ್ಲ. ಪೆಟ್ಟು ತಿನ್ನುವವರೇ ಹೆಚ್ಚು.

ಮೆಡಿಕಲ್ ಅಂಗಡಿಯವರ ಕೈಯಲ್ಲಿ ಇನ್ನೊಂದು ದೊಡ್ಡ ಕೆಲಸ ಇದೆ. ತಿಂಗಳಾ ಬಂದು ಗುಳಿಗೆ ಒಯ್ಯುವವರು ಈ ತಿಂಗಳು ಬರಲಿಲ್ಲ ಅಂತ ಮೊದಲು ಗೊತ್ತಾಗುವುದು ಅವರಿಗೇ. ನಾಲ್ಕು ಜನರೆದುರು ಅಲ್ಲ, ಪಕ್ಕಕ್ಕೆ ಕರೆದು ಗುಳಿಗೆ ಮುಗಿದಿರಬೇಕಲ್ಲ ಅಂತ ಒಂದು ಮಾತು ಕೇಳಿದ್ರೆ ಒಂದು ಮನೆ ಉಳಿಯಬಹುದು. ಇವು ಸ್ಟ್ರಾಂಗ್ ಗುಳಿಗೆ, ಯಾಕೆ ತಗೊಳ್ತೀರಿ ಅಂತ ಅನ್ನುವ ಒಂದು ಮಾತಿಗೆ ಅದೇ ಮನೆ ಕೆಡಬಹುದು.

ಗುಳಿಗೆ ತಗೊಂಡು ಆರಾಮಾದವರಿಗೆ ಕೆಲಸ ಬೇಕು. ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟುವುದು, ಗೋದಾಮಿನಲ್ಲಿ ಚೀಲ ಎಣಿಸುವುದು, ಅರ್ಧ ದಿನದ್ದಾದ್ರೂ ಸರಿ. ಶುರುವಿಗೆ ಕೈ ನಿಧಾನ ಇರಬಹುದು. ಹೆಸರು ಹಿಡಿದು ಕರೆದು, ಮಂಗಳವಾರ ದವಾಖಾನೆಗೆ ಹೋಗಲಿಕ್ಕೆ ರಜೆ ಕೊಟ್ರೆ ಸಾಕು, ಉಳಿದದ್ದನ್ನು ಅವರೇ ನೋಡ್ಕೊಳ್ತಾರೆ.